ದೀಪ ಆರಿಸುವ ಮುನ್ನ ಅವರು ಕೇಳಿದ್ದು

ಈ ಸಲ ತಪಾಸಣೆಗೆ ಆಸ್ಪತ್ರೆಗೆ ಹೋದಾಗ, ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಲಿಫ್ಟಿನ ಬಳಿ ಸಿಕ್ಕಳು. ಗುರುತಿನ ಮುಖ. "ನಿಮ್ಮ ಥಿಯೇಟರಿನಲ್ಲಿದ್ದ ಕನ್ನಡದ ಟೆಕ್ನೀಷಿಯನ್, ಅವರು ಹೇಗಿದ್ದಾರಮ್ಮ, ಇನ್ನೂ ಸ್ಟೋರಿನಲ್ಲೇ ಇದ್ದಾರಾ?" ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿಕೊಂಡಳು. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಪಟಾನ್‌ಚೆರುವಿನಿಂದ ಡ್ಯೂಟಿಗೆ ಬರುವಾಗ ಬಸ್ಸಿನಲ್ಲೇ ಹೋಗಿಬಿಟ್ಟರಂತೆ. ಕಿಟಕಿಗೆ ತಲೆ ಒರಗಿಸಿ ಕೂತಿದ್ದವರನ್ನು ನಿದ್ದೆ ಮಾಡುತ್ತಿದ್ದಾರೆ ಎಂದೇ ಪಕ್ಕದವರು ತಿಳಿದಿದ್ದರಂತೆ. "ಮೀ ವಾಳ್ಳಾ ಮೇಡಂ?" ಎಂದಳು, ನಿಮ್ಮ ಕಡೆಯವರಾ ಅಂತ. "ಹೌದು, ಕನ್ನಡದವರು" ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಅವರು ನಮಗೆ ನಂಟರಲ್ಲ, ನೆರೆಯವರೂ ಅಲ್ಲ. ಆ ಕ್ಯಾನ್ಸರ್ ಆಸ್ಪತ್ರೆಯ ಥಿಯೇಟರಿನಲ್ಲಿ ಟೆಕ್ನೀಷಿಯನ್ ಆಗಿದ್ದವರು. ನನ್ನ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಆಪರೇಷನ್ನಿಗೆ ಮೊದಲು ಕಿಮೋ ಆಗಬೇಕೆಂದು ಡಾಕ್ಟರು ಹೇಳಿದ್ದರು. ಮೂರು ವಾರಕ್ಕೊಮ್ಮೆ ಅತ್ತೆಯ ಜೊತೆ ನಾರಾಯಣಗೂಡದಿಂದ ಆಟೋದಲ್ಲಿ ಹೋಗುತ್ತಿದ್ದೆ. ಒಂದು ದಿನ ನನ್ನ ಕೈಗೆ ಡ್ರಿಪ್ ಹಾಕಿದ್ದರು, ಅತ್ತೆ ಪಕ್ಕದಲ್ಲಿ ಕೂತು, "ಎರಡು ಗುಟುಕು ಗಂಜಿ ಕುಡಿದ್ರೆ ಏನು ಗಂಟು ಹೋಗತ್ತೆ ನಿನ್ನದು" ಎಂದು ಬಯ್ಯುತ್ತಿದ್ದರು. ಪರದೆಯ ಆಚೆಯಿಂದ ಒಂದು ದನಿ ಬಂತು. "ಹೋಗಲಿ ಅಂತನ ಬಂದಾರ್ರಿ ಅವ್ವಾರ, ಗಂಟು ಹೋಗಲಿ ಬಿಡ್ರಿ."

ಪರದೆ ಸರಿಸಿ ನಿಂತವರನ್ನು ನೋಡಿ ಅತ್ತೆ ಸೆರಗು ಸರಿಮಾಡಿಕೊಂಡರು. ಐವತ್ತು ದಾಟಿದ ಮನುಷ್ಯ. ಥಿಯೇಟರಿನ ಹಸಿರು ಬಟ್ಟೆ, ಕನ್ನಡಕದ ಒಂದು ಕಡ್ಡಿ ಮುರಿದು ಅದರ ಜಾಗದಲ್ಲಿ ಮಾಸ್ಕಿನ ದಾರ ಕಟ್ಟಿಕೊಂಡಿದ್ದರು. ಉಗುರುಗಳನ್ನು ಮಾಂಸಕ್ಕೆ ಹತ್ತುವಷ್ಟು ಕತ್ತರಿಸಿದ್ದರು. ಬಾಗಲಕೋಟೆ ಕಡೆಯವರು. ಅಪ್ಪ ಪಟಾನ್‌ಚೆರುವಿನ ಕೆಮಿಕಲ್ ಕಾರ್ಖಾನೆಗೆ ಕೆಲಸಕ್ಕೆ ಬಂದಾಗ ಇವರು ಕೈಕೂಸಂತೆ. ಬೆಳೆದದ್ದೆಲ್ಲ ಇಲ್ಲೇ. ಡಾಕ್ಟರ ಜೊತೆ ತೆಲುಗು, ವಾರ್ಡ್‌ಬಾಯ್‌ಗಳ ಜೊತೆ ಹಿಂದಿ, ಆದರೆ ಕನ್ನಡ ಮಾತ್ರ ಅಪ್ಪನ ಬಾಯಿಂದ ಬಂದ ಹಾಗೇ ಇಟ್ಟುಕೊಂಡಿದ್ದರು.

ಅಲ್ಲಿಂದ ಮುಂದೆ ಪ್ರತಿ ಕಿಮೋಗೂ ಊಟದ ಹೊತ್ತಿಗೆ ಹಣಿಕಿ ಹಾಕುತ್ತಿದ್ದರು. ನಾಲ್ಕಾಗಿ ಮಡಿಸಿದ ಜೋಳದ ರೊಟ್ಟಿಯ ಡಬ್ಬಿ ಬಗಲಲ್ಲಿರುತ್ತಿತ್ತು. ನಮ್ಮತ್ತೆ ಮೈಸೂರಿನ ಹಳೆಯ ಅಗ್ರಹಾರದವರು, ಹೊರಗಿನದನ್ನು ಮುಟ್ಟುವವರಲ್ಲ. ಮಾತಿಗೆ ಮಾತ್ರ ಆ ಮಡಿ ಇರಲಿಲ್ಲ. "ನಿನ್ನ ಕನ್ನಡ ಕೇಳಿದ್ರೆ ಜಗಳ ಆಡ್ತಿದ್ದೀಯೋ ಕ್ಷೇಮ ಕೇಳ್ತಿದ್ದೀಯೋ ಗೊತ್ತಾಗಲ್ಲಪ್ಪ" ಎನ್ನುವರು. "ನಿಮ್ಮ ಕನ್ನಡ ಕೇಳಿದ್ರ ನಿದ್ದಿ ಬರ್ತೈತ್ರಿ ಅವ್ವಾರ. ಥೇಟರಕ್ಕ ಬರ್ರಿ, ಅರವಳಿಕಿ ಡಾಕ್ಟರಿಗೆ ಸೂಟಿ ಕೊಡೋಣು" ಎಂದು ಅವರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅವರು ಬರುವುದು ಹತ್ತು ನಿಮಿಷ ತಡವಾದರೆ, "ಎಲ್ಲಿ ಇವತ್ತು ನಿನ್ನ ಅಣ್ಣ?" ಎಂದು ನನ್ನನ್ನೇ ಕೇಳುತ್ತಿದ್ದರು.

ಅವರ ನಡಿಗೆಯಲ್ಲಿ ಒಂದು ವಿಶೇಷವಿತ್ತು. ಎಡ ಅಂಗೈಯನ್ನು ಸ್ವಲ್ಪ ಬಟ್ಟಲಿನ ಹಾಗೆ ಮಾಡಿಕೊಂಡು, ಹೊಟ್ಟೆಯ ಹತ್ತಿರ ಹಿಡಿದು ನಡೆಯುತ್ತಿದ್ದರು. ಕೈ ಖಾಲಿ ಇದ್ದಾಗಲೂ ಹಾಗೇ. ಯಾಕೆ ಎಂದು ಒಮ್ಮೆ ಕೇಳಿದೆ. ಅವರ ಕೆಲಸವೇ ಅದು ಎಂದು ಆಗ ಗೊತ್ತಾಯಿತು. ಆಪರೇಷನ್ನಿಗೆ ಮುಂಚೆ ಒಂದು ಹಸಿರು ಬಣ್ಣದ ಮದ್ದನ್ನು ನೀರಿನಲ್ಲಿ ಕರಗಿಸಿ, ಸಿರಿಂಜಿಗೆ ಎಳೆದು, ಬೆಳಕು ಬೀಳದಂತೆ ಬೆಳ್ಳಿಹಾಳೆ ಸುತ್ತಿ ಡಾಕ್ಟರ ಕೈಗೆ ಒಯ್ದು ಕೊಡಬೇಕು. ಆಮೇಲೆ ಕ್ಯಾಮೆರಾ ಹಿಡಿಯಬೇಕು. ಎಷ್ಟೋ ವರ್ಷ ಆ ಸಿರಿಂಜನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓಡಾಡಿದ್ದಕ್ಕೆ ಕೈ ಹಾಗೇ ನಿಂತುಬಿಟ್ಟಿತ್ತು.

"ಆ ಬಣ್ಣ ಏನು ಮಾಡತ್ತೆ?" ಎಂದೆ.

ಅವರು ಕುರ್ಚಿ ಎಳೆದುಕೊಂಡರು. "ನಮ್ಮ ಓಣ್ಯಾಗ, ನಾವು ಸಣ್ಣವರಿದ್ದಾಗ್ರಿ, ಕಾರ್ಖಾನಿ ಮೋರಿಯಿಂದ ಒಂದೊಂದ್ ದಿನ ಕೆಂಪ ನೀರ ಬರ್ತಿತ್ತು, ಒಂದೊಂದ್ ದಿನ ನೀಲಿ. ನಾವು ಹುಡುಗರೆಲ್ಲ ಅದರ ಬೆನ್ನ ಹತ್ತಿ ಹೋಗ್ತಿದ್ವಿ. ಅಲ್ಲೀತನಕ ಯಾರಿಗೂ ಗೊತ್ತಿರಲಿಲ್ರಿ ನಮ್ಮ ಓಣಿ ನೀರು ಎತ್ತಾಗ ಹರೀತೈತಿ, ಮೊದಲ ಯಾವ ಹೊಂಡಕ್ಕ ಹೋಗಿ ನಿಂದರ್ತೈತಿ ಅಂತ. ಬಣ್ಣ ತೋರಸ್ತು. ಇದೂ ಹಂಗ ಅಕ್ಕಾರ. ಗಂಟಿನ ಬಾಜೂಕ ಈ ಔಷಧ ಚುಚ್ತಾರ. ಅದು ಹರಕೊಂತ ಹೋಗಿ ಕಂಕುಳಾಗಿನ ಒಂದು ಗ್ರಂಥಿಗೆ ಮೊದಲ ಮುಟ್ತೈತಿ. ಡಾಕ್ಟರಮ್ಮ 'ಲೈಟ್' ಅಂತಾರ, ನಾನು ಥೇಟರದ ದೀಪ ಆರಸ್ತೀನಿ. ನಮ್ಮ ಕಣ್ಣಿಗೆ ಏನೂ ಕಾಣಂಗಿಲ್ಲ. ಕ್ಯಾಮೆರಾ ಹಿಡದ್ರ ಪಡದೆ ಮ್ಯಾಲ ಆ ಒಂದ ಗ್ರಂಥಿ ಹಸರಗೆ ಹೊಳೀತೈತ್ರಿ. ಅದನ್ನಷ್ಟ ತಗದು ಪರೀಕ್ಷಾಕ್ಕ ಕಳಸ್ತಾರ. ಅದು ಚೊಕ್ಕಿತ್ತಂದ್ರ ಉಳದವನ್ನ ಯಾರೂ ಮುಟ್ಟಂಗಿಲ್ಲ."

"ಮುಟ್ಟಿದ್ರೆ ಏನಾಗತ್ತೆ?"

"ಮೊದಲೆಲ್ಲ ಎಲ್ಲಾನೂ ಕೆರದು ತಗೀತಿದ್ರಲ್ರಿ, ಭಾಳ ಮಂದಿಗೆ ತೋಳು ಬಾತು ಬಿಡ್ತಿತ್ತು, ಜೀವನಪೂರ್ತಿ. ರೊಟ್ಟಿ ಬಡಿಯೋ ಕೈ, ಕೂಸಿನ್ನ ಎತ್ತೋ ಕೈ." ಅವರು ನನ್ನ ತೋಳಿನ ಕಡೆ ನೋಡಿದರು, ದರ್ಜಿ ಅಳತೆಗೆ ನೋಡುವ ಹಾಗೆ. "ನಿಮ್ಮ ಕೈ ಉಳಸೋಣ್ರಿ ಅಕ್ಕಾರ."

ದೀಪ ಆರಿಸಿದಾಗ ಥಿಯೇಟರಿನಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಾರಂತೆ. ನಿಲ್ಲಿಸಿ ಎಂದು ಯಾರೂ ಹೇಳುವುದಿಲ್ಲ. ಮೊದಲ ಹಸಿರು ಚುಕ್ಕೆ ಕಾಣುವವರೆಗೂ ತಾವು ಉಸಿರು ಹಿಡಿದಿರುವುದಾಗಿ ಅವರೇ ಒಮ್ಮೆ ಹೇಳಿದ್ದರು. ಇಷ್ಟು ವರ್ಷವಾದರೂನಾ ಎಂದೆ. "ಹೂನ್ರಿ. ಪ್ರತಿಯೊಬ್ಬರಿಗೂ ಹೊಸಾದ ಅಲ್ಲೇನ್ರಿ ಅದು."

ಅವರಿಗೆ ಕೇಳುವ ಚಟ. ಬಣ್ಣ ಚುಚ್ಚುವ ಮುಂಚೆ ರೋಗಿಗೆ ಏನಾದರೂ ಆಗಿಬರುವುದಿಲ್ಲವೇ ಎಂದು ತಿಳಿಯಲು ಆಸ್ಪತ್ರೆಯದೊಂದು ಫಾರಮ್ಮು ಇತ್ತು. ಅದರಲ್ಲಿಲ್ಲದ್ದನ್ನೂ ಅವರು ಕೇಳುತ್ತಿದ್ದರು. ಯಾರೋ ಹಳೆಯ ಡಾಕ್ಟರು ಕಲಿಸಿಕೊಟ್ಟದ್ದಂತೆ. ಹೊಸಬರು ನಗುತ್ತಾರೆ, ನಗಲಿ ಎನ್ನುತ್ತಿದ್ದರು.

ಆಪರೇಷನ್ ದಿನ ಬೆಳಿಗ್ಗೆ ನಮ್ಮನೆಯವರು ಇನ್ಶೂರೆನ್ಸ್ ಕಾಗದಕ್ಕೆಂದು ಕೆಳಗೆ ಹೋಗಿದ್ದರು. ಅತ್ತೆ ನನ್ನ ಮಂಚದ ಪಕ್ಕ ಕೂತು ಸ್ತೋತ್ರದ ಪುಸ್ತಕ ಹಿಡಿದಿದ್ದರು. ಅವರು ಫಾರಮ್ಮು ಸಿಕ್ಕಿಸಿದ ಹಲಗೆ ಹಿಡಿದು ಬಂದರು.

"ಅಕ್ಕಾರ, ಯಾವ್ದರ ಔಷಧ ಆಗಿಬರಂಗಿಲ್ಲೇನ್ರಿ?"

"ಇಲ್ಲ."

"ಅಯೋಡಿನ್ ಹಚ್ಚಿದಾಗ ತುರಿಕಿ, ಉರಿ?"

"ಇಲ್ಲ."

"ಮೀನಾ, ಸೀಗಡಿ, ಅಂಥಾದ್ದು ತಿಂದು ಎಂದರ ಮೈಮ್ಯಾಲ ದದ್ದು ಎದ್ದಿದ್ದು, ತುಟಿ ಬಾತಿದ್ದು?"

ಅತ್ತೆ ಕನ್ನಡಕ ತೆಗೆದರು. "ಏನಪ್ಪಾ, ಐದು ತಿಂಗಳಿಂದ ನೋಡ್ತಿದ್ದೀಯ. ನಾವು ಅದೆಲ್ಲಾ ತಿನ್ನೋ ಜನರ ಥರ ಕಾಣ್ತೀವಾ?"

"ಸಿಟ್ಟಾಗಬ್ಯಾಡ್ರಿ ಅವ್ವಾರ. ಮಠದ ಸ್ವಾಮಿಗಳು ಬಂದು ಮಲಗಿದ್ರೂ ಕೇಳ್ತೀನ್ರಿ."

ಅತ್ತೆ ನಕ್ಕರು. ಅವರು ನಗಲಿಲ್ಲ. ಪೆನ್ನನ್ನು ಹಲಗೆಯ ಮೇಲೆ ಹಾಗೇ ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದರು. "ಅಕ್ಕಾರ?"

ಮದುವೆಯಾಗಿ ಐದಾರು ವರ್ಷದ ಹೊತ್ತಿಗೆ, ಕಾನ್ವೆಂಟಿನಲ್ಲಿ ನನ್ನ ಜೊತೆ ಓದಿದ ಗೆಳತಿ ಸಿಕಂದರಾಬಾದಿಗೆ ಬಂದು ನೆಲೆಸಿದ್ದಳು. ಕ್ರಿಸ್‌ಮಸ್ ಊಟಕ್ಕೆ ಕರೆದಳು. ನನಗೆ ಬೇರೆ ಮಾಡಿಸಿದ್ದಳು. ಆದರೆ ಅವಳ ತಟ್ಟೆಯಲ್ಲಿದ್ದ ಸೀಗಡಿಯ ಸಾರಿನ ಬಣ್ಣ, ತೆಂಗಿನ ಹಾಲಿನ ವಾಸನೆ. ಶಾಲೆಯಲ್ಲಿ ಅವಳ ಡಬ್ಬಿಯನ್ನು ಹತ್ತು ವರ್ಷ ದೂರದಿಂದ ಮೂಸಿದ್ದೆ. ಮೂರು ತಿಂದೆ. ಅರ್ಧ ಗಂಟೆಯಲ್ಲಿ ತುಟಿ ಊದಿ, ಕುತ್ತಿಗೆಯಿಂದ ಸೊಂಟದವರೆಗೆ ದದ್ದು. ಗೆಳತಿಯ ಗಂಡ ಓಡಿಹೋಗಿ ಮಾತ್ರೆ ತಂದರು. ಮನೆಗೆ ಬಂದು ಬಿಸಿಲಿಗೆ ಆಗಿದ್ದು ಎಂದೆ. ಡಿಸೆಂಬರಿನಲ್ಲಿ ಎಂಥ ಬಿಸಿಲು ಎಂದು ಕೇಳದೆ, ಅತ್ತೆ ಪಾಪ, ಗಂಧ ತೇಯ್ದು ಬೆನ್ನಿಗೆಲ್ಲ ಹಚ್ಚಿದರು. ಆ ತಣ್ಣನೆಯ ಬೆರಳುಗಳು ನನಗೆ ಈಗಲೂ ನೆನಪಿವೆ.

ಹಲಗೆ ಹಿಡಿದು ನಿಂತಿದ್ದ ಅವರು ಇಂಗ್ಲಿಷಿನಲ್ಲಿ ಕೇಳಿದ್ದರೆ ಹೌದು ಎನ್ನುತ್ತಿದ್ದೆ. ತೆಲುಗಿನಲ್ಲಿ ಕೇಳಿದ್ದರೂ ಹೇಗೋ ಹೇಳುತ್ತಿದ್ದೆ. ಅತ್ತೆಗೆ ಎರಡೂ ತಿಳಿಯದು. ಅವರು ನನ್ನ ಮೇಲಿನ ಅಕ್ಕರೆಗೆ, ಆ ಹೊತ್ತಿನಲ್ಲಿ ನನಗೆ ಧೈರ್ಯವಿರಲಿ ಎಂದು, ಕನ್ನಡದಲ್ಲಿ ಕೇಳಿದರು.

"ಇಲ್ಲ, ನಮ್ಮಲ್ಲಿ ತಿನ್ನಲ್ಲ" ಎಂದೆ.

ಅವರು ಗುರುತು ಹಾಕಿಕೊಂಡರು. ರುಜು ಮಾಡಲು ಹಲಗೆ ಮುಂದೆ ಚಾಚಿದವರು, ನನ್ನ ಬಲಗೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದನ್ನು ಕಂಡು ಹಿಂದಕ್ಕೆ ತೆಗೆದುಕೊಂಡರು. "ನೋಯ್ತೈತಿ, ಬಿಡ್ರಿ. ಆಮ್ಯಾಲ ಮಾಡಿದ್ರಾತು."

ಮುಂದಿನದು ನಾನು ಕೇಳಿ ತಿಳಿದದ್ದು. ಅರಿವಳಿಕೆ ಕೊಟ್ಟಾಗಿತ್ತು. ಬಣ್ಣ ಚುಚ್ಚಿ ಸ್ವಲ್ಪ ಹೊತ್ತಿಗೆ ನನ್ನ ಮೈ ಕೆಂಪಾಗಿ, ರಕ್ತದೊತ್ತಡ ಇಳಿದು, ಡಾಕ್ಟರಮ್ಮ ಎಲ್ಲವನ್ನೂ ನಿಲ್ಲಿಸಿದರಂತೆ. ಥಿಯೇಟರಿನ ದೀಪ ಆರಿಸಲೇ ಇಲ್ಲ. ಐಸಿಯುನಲ್ಲಿ ಎಚ್ಚರವಾದಾಗ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಗಂಟು ಅಲ್ಲೇ ಇತ್ತು.

ಸೀಗಡಿಗೂ ಆ ಬಣ್ಣಕ್ಕೂ ನೇರ ಸಂಬಂಧ ಇಲ್ಲ ಎಂದು ಎಷ್ಟೋ ದಿನದ ಮೇಲೆ ಬೇರೊಬ್ಬ ಡಾಕ್ಟರನ್ನು ಯಾರದೋ ಕಥೆ ಎಂಬಂತೆ ಕೇಳಿ ತಿಳಿದುಕೊಂಡೆ. ಅರಿವಳಿಕೆಯ ಮದ್ದಿನಿಂದಲೂ ಆಗಿರಬಹುದು, ಯಾವುದರಿಂದ ಎಂದು ಹೇಳಲಾಗದು ಎಂದರು. ಆದರೆ ಅಂಥ ದದ್ದು, ಊತ ಹಿಂದೆ ಬಂದಿತ್ತು ಎಂದು ಗೊತ್ತಿದ್ದರೆ ಮೊದಲೇ ಯೋಚನೆ ಮಾಡುತ್ತಿದ್ದೆವು, ಅಷ್ಟು ನಿಜ ಎಂದರು.

ನಮ್ಮನೆಯವರು ಮೃದು ಸ್ವಭಾವದವರು. ಆ ದಿನ ಮಾತ್ರ ಹೆದರಿಕೆ ಸಿಟ್ಟಾಗಿ ತಿರುಗಿತ್ತು. ರೋಗಿಗೆ ಏನು ಆಗಿಬರುತ್ತದೆ, ಏನು ಆಗಿಬರುವುದಿಲ್ಲ ಎಂದು ಯಾರೂ ಕೇಳಲಿಲ್ಲ ಎಂದು ಒಂದು ಹಾಳೆ ತುಂಬ ದೂರು ಬರೆದುಕೊಟ್ಟರು. ಫಾರಮ್ಮು ತೆಗೆದು ನೋಡಿದರೆ ಗುರುತುಗಳಿವೆ, ನನ್ನ ರುಜು ಇಲ್ಲ. ಟೆಕ್ನೀಷಿಯನ್ ಕೇಳದೆಯೇ ತಾವೇ ಗುರುತು ಹಾಕಿಕೊಂಡಿದ್ದಾರೆ ಎಂದಾಯಿತು. ಅತ್ತೆಗೆ ರಕ್ತದೊತ್ತಡ ಇದೆಯೆಂದು ದೂರಿನ ವಿಷಯ ಅವರ ಕಿವಿಗೆ ಹಾಕಲಿಲ್ಲ. ಟೆಕ್ನೀಷಿಯನ್ ಕೇಳಿದ್ದನ್ನು ಕೇಳಿಸಿಕೊಂಡ ಇನ್ನೊಂದು ಜೀವ ಅತ್ತೆಯೊಬ್ಬರೇ ಎಂಬುದು ನನಗೆ ಗೊತ್ತಿತ್ತು. ಆ ಮಾತು ಅತ್ತೆಯ ಮುಂದೆ ಬಾರದಂತೆ ನಾನೂ ನೋಡಿಕೊಂಡೆ.

ಮೂರನೆಯ ದಿನ ಆಡಳಿತದ ಕಡೆಯಿಂದ ಒಬ್ಬ ಹೆಂಗಸು ವಾರ್ಡಿಗೆ ಬಂದರು. ಬಹಳ ಸಭ್ಯರು. ನಮ್ಮನೆಯವರು ಮಂಚದ ಕಾಲ ಬಳಿ ನಿಂತಿದ್ದರು. ಚುಚ್ಚುವ ಮುಂಚೆ ಟೆಕ್ನೀಷಿಯನ್ ನಿಮ್ಮನ್ನು ಏನಾದರೂ ಕೇಳಿದ್ದರಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಕೇಳಿದ್ದರು ಎಂದರೆ ಏನು ಕೇಳಿದರು ಎನ್ನುತ್ತಾರೆ. ನೀವು ಏನೆಂದಿರಿ ಎನ್ನುತ್ತಾರೆ. ಆಮೇಲೆ, ನಿಜಕ್ಕೂ ಇಲ್ಲವೇ ಎನ್ನುತ್ತಾರೆ. ಒಂದು ಸುಳ್ಳು ಹೇಳಿಯಾಗಿದೆ, ಇನ್ನೊಂದು ಬೇಡ ಅನಿಸಿತು. "ನನಗೆ ನೆನಪಿಲ್ಲ, ದಯವಿಟ್ಟು ಕ್ಷಮಿಸಿ" ಎಂದೆ, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಒಳ್ಳೆಯ ಇಂಗ್ಲಿಷಿನಲ್ಲಿ. ಆ ಹೆಂಗಸು ನನ್ನ ಕೈ ಮೃದುವಾಗಿ ಒತ್ತಿ ಹೋದರು.

ಅವರು ಆ ದಿನ ಸಂಜೆ ಥಿಯೇಟರಿನ ಹಸಿರು ಬಟ್ಟೆಯಲ್ಲೇ ವಾರ್ಡಿನ ಬಾಗಿಲಿಗೆ ಬಂದಿದ್ದರು. ನಮ್ಮನೆಯವರು ಮುಖ ತಿರುಗಿಸಿದರು. ಅವರು ಒಂದು ಕ್ಷಣ ನಿಂತು, ಎಡಗೈಯನ್ನು ಹಾಗೇ ಹೊಟ್ಟೆಯ ಹತ್ತಿರ ಹಿಡಿದುಕೊಂಡು ಹೋದರು. "ಯಾಕೆ ಒಳಗೆ ಬರಲಿಲ್ಲ ಆ ಮನುಷ್ಯ?" ಎಂದರು ಅತ್ತೆ. "ಡ್ಯೂಟಿ ಇರತ್ತೆ" ಎಂದೆ.

ಎರಡು ವಾರದ ಮೇಲೆ ಆಪರೇಷನ್ ಆಯಿತು. ಯಾವ ಬಣ್ಣದ ಗೊಡವೆಯೂ ಬೇಡ ಎಂದು ಡಾಕ್ಟರಮ್ಮ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದರು. ಪರೀಕ್ಷೆಯಲ್ಲಿ ಒಂದರಲ್ಲೂ ರೋಗ ಇರಲಿಲ್ಲ. ವರ್ಷ ಕಳೆಯುವುದರೊಳಗೆ ನನ್ನ ಎಡತೋಳು ಊದಿತು. ಈಗ ಬೆಳಗಿನಿಂದ ಸಂಜೆಯವರೆಗೆ ಮೈಬಣ್ಣದ ಬಿಗಿ ತೋಳುಚೀಲ ಹಾಕಿಕೊಂಡಿರುತ್ತೇನೆ. ಅವರನ್ನು ಥಿಯೇಟರಿನಿಂದ ತೆಗೆದು ನೆಲಮಾಳಿಗೆಯ ಸ್ಟೋರಿಗೆ ಹಾಕಿದ್ದಾರೆ, ಕ್ಯಾಮೆರಾ ಮುಟ್ಟಲು ಬಿಡುವುದಿಲ್ಲ ಎಂದು ನರ್ಸುಗಳ ಬಾಯಿಂದ ಗೊತ್ತಾಯಿತು.

ಎರಡು ವರ್ಷ ಹೀಗೇ ಹೋಯಿತು. ಅತ್ತೆ ಮೈಸೂರಿಗೆ ಮೈದುನನ ಮನೆಗೆ ಹೋಗಿದ್ದಾಗ ಒಂದು ಭಾನುವಾರ, ಕಾಫಿ ಕುಡಿದು, ನಮ್ಮನೆಯವರು ನನಗೆ ತೋಳುಚೀಲ ಏರಿಸುತ್ತಿದ್ದರು. ಒಬ್ಬಳೇ ಏರಿಸಿಕೊಳ್ಳಲು ಆಗುವುದಿಲ್ಲ ಅದು. ಆ ಬಿಗಿಯಲ್ಲಿ ಅವರು ಹಲ್ಲು ಕಚ್ಚಿ ಎಳೆಯುವುದನ್ನು ನೋಡುತ್ತಾ ಹೇಳಿಬಿಟ್ಟೆ. ಮೊದಲು ಸೀಗಡಿಯ ವಿಷಯ.

ಅವರು ನಕ್ಕರು. "ಅಷ್ಟೇನಾ? ನಾನು ವಿಶಾಖಪಟ್ಟಣದ ಟೂರಿನಲ್ಲಿ ತಿಂದಿದ್ದೀನಿ ಕಣೆ. ಎರಡು ಸಲ." ನಗುತ್ತಲೇ ಇದ್ದವರು ನಿಲ್ಲಿಸಿದರು. ಅವರ ಬೆರಳು ನನ್ನ ಮೊಣಕೈ ಹತ್ತಿರ ನಿಂತಿತು. "ಈಗ ಯಾಕೆ ಹೇಳ್ತಿದ್ದೀಯ? ಆ ಮನುಷ್ಯ ಕೇಳಿದ್ರಾ?"

"ಕೇಳಿದ್ರು."

"ನಾನು ಬರೆದುಕೊಟ್ಟೆನಲ್ಲೇ."

ತೋಳುಚೀಲವನ್ನು ಮೇಲಿನವರೆಗೂ ಎಳೆದು ಮುಗಿಸಿ, "ನೀನು ಹೋಗಿ ಅವರಿಗೆ ಹೇಳು. ಅವರು ಹೇಗೆ ಬರೀಬೇಕು ಅಂತಾರೋ ಹಾಗೆ ನಾನು ಆಸ್ಪತ್ರೆಗೆ ಬರೆದುಕೊಡ್ತೀನಿ. ಥಿಯೇಟರಿಗೆ ವಾಪಸ್ ತಗೊಳ್ಳಲಿ" ಎಂದರು.

ಮರುದಿನವೇ ಹೋದೆ. ಆಟೋದಲ್ಲಿ ಮಾತನ್ನು ಜೋಡಿಸಿಕೊಂಡೆ. ಅವರ ಕನ್ನಡದಲ್ಲಿ ಅಲ್ಲದಿದ್ದರೂ ಕನ್ನಡದಲ್ಲೇ ಹೇಳಬೇಕು ಎಂದುಕೊಂಡೆ. ನೆಲಮಾಳಿಗೆಯಲ್ಲಿ ಸ್ಪಿರಿಟ್ ಮತ್ತು ರಟ್ಟಿನ ವಾಸನೆ. ಅವರು ಗ್ಲೌಸಿನ ಡಬ್ಬಗಳನ್ನು ಗಾಡಿಗೆ ಪೇರಿಸುತ್ತಿದ್ದರು. ಸ್ವಲ್ಪ ಬಗ್ಗಿದ್ದರು. ಕನ್ನಡಕ ಹೊಸದಾಗಿತ್ತು.

"ಅಯ್ಯ, ಅಕ್ಕಾರ. ಅವ್ವಾರು ಆರಾಮದಾರ?"

"ಆರಾಮಾಗಿದ್ದಾರೆ. ಮೈಸೂರಿಗೆ ಹೋಗಿದ್ದಾರೆ."

"ಮೈಸೂರಾಗ ಎಲ್ಲಾರೂ ಮಲಗಿರ್ತಾರ ಬಿಡ್ರಿ" ಎಂದು ನಕ್ಕರು. ಆಗ ಅವರ ಕಣ್ಣು ನನ್ನ ತೋಳಿನ ಮೇಲೆ ಬಿತ್ತು. ನಗು ಹೋಯಿತು. ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು ಹತ್ತಿರ ಬಂದರು. "ಬಾತೈತಿ?"

"ಸ್ವಲ್ಪ."

"ಎಲ್ಲಾನೂ ತಗದ್ರು ಅಂತ ಕೇಳಿದ್ದೆ. ಬಾತಿರಂಗಿಲ್ಲ ಅನಕೊಂಡಿದ್ದೆ." ಅವರು ತೋಳುಚೀಲದ ಅಂಚನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಅವರೇ ಮುಂದುವರಿಸಿದರು. "ತಪ್ಪು ನಂದ ಅಕ್ಕಾರ. ಆವತ್ತು ನೀವು ಒಂದು ಗಳಿಗಿ ಸುಮ್ಮನಾದ್ರಿ. ನಾನು ನೋಡ್ದೆ. ಅವ್ವಾರನ್ನ ಹೊರಗ ಕಳಿಸಿ, ನಿಮ್ಮನ್ನ ಒಬ್ಬರನ್ನ ಇನ್ನೊಮ್ಮೆ ಕೇಳಬೇಕಿತ್ತು. ಅವ್ವಾರು ನಗಾಕತ್ತಿದ್ರು, ನಿಮಗ ಮುಜುಗರ ಆಗಬಾರ್ದು ಅಂತ ಬರಕೊಂಡ್ಬಿಟ್ಟೆ. ಕ್ಯಾಮೆರಾ ಕಸ್ಗೊಂಡ್ರಲ್ಲ, ಅದಕ್ಕ ನನಗ ಬ್ಯಾಸರಿಲ್ರಿ. ನಿಮ್ಮ ಕೈ ಉಳಸ್ತೀನಿ ಅಂದಿದ್ದೆ." ಎರಡೂ ಕೈ ಜೋಡಿಸಿದರು. "ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಮೇಲಿನಿಂದ ಲಿಫ್ಟು ಬಂದು ಬಾಗಿಲು ತೆರೆಯಿತು. ಯಾರೋ ತೆಲುಗಿನಲ್ಲಿ ಗಾಡಿ ತನ್ನಿ ಎಂದು ಕೂಗಿದರು. ಅವರು ಕೈ ಜೋಡಿಸಿಕೊಂಡೇ ನಿಂತಿದ್ದರು, ನನ್ನ ಮಾತಿಗೆ ಕಾಯುತ್ತ.

"ಪರವಾಗಿಲ್ಲ ಬಿಡಿ" ಎಂದೆ.

ಅವರ ಮುಖ ಹಗುರಾಯಿತು. ಗಾಡಿ ತಳ್ಳಿಕೊಂಡು ಲಿಫ್ಟಿಗೆ ಹೋದರು.

ಮನೆಗೆ ಬಂದಾಗ ನಮ್ಮನೆಯವರು ಕಾಗದ, ಪೆನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು.

"ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಪರವಾಗಿಲ್ಲ ಬಿಡಿ ಅಂದ್ರು" ಎಂದೆ.